ಕಾಡಿಗೆ ಕೊಡಲಿಯಿಲ್ಲದೆ ಮಂಚಕ್ಕೆ ಹಳತಿನ ಚೆಲುವು



ನಂಜನಗೂಡು, ತಿರುಮಕೂಡಲು ನರಸೀಪುರಗಳಲ್ಲಿ ಹಳೆಯ ಹೆಂಚಿನ ಮನೆಗಳು ಕಳಚಿ ಆರ್‌ಸಿಸಿ ಮನೆಗಳು ಏಳುತ್ತಿವೆ. ತೊಟ್ಟಿಮನೆಯ ಕಂಬ, ಬಾಗಿಲು, ಮಂಚಗಳು ಹಳೆಯ ಮರದ ವ್ಯಾಪಾರಿಗಳ ಪಾಲಾಗುತ್ತವೆ. ಇನ್ನೊಂದೆಡೆ, ಹೊಸ ಮಂಚಕ್ಕೂ ಬೀರುವಿಗೂ ಹಳೆಯ ಕಾಲದ ನೋಟ ಬೇಕೆಂಬ ಬಯಕೆ ಬೆಳೆದಿದೆ. ಈ ಬಯಕೆ ತೇಗ, ಬೀಟೆಗಳ ಬೇಟೆಗೆ ದಾರಿಯಾಗಬಾರದು.

ಎರಡೂ ಊರುಗಳು ಕಪಿಲೆಯ ದಡದಲ್ಲಿವೆ. ವಯನಾಡಿನ ಬೆಟ್ಟಗಳಲ್ಲಿ ಹುಟ್ಟುವ ಈ ನದಿ ಹೆಗ್ಗಡದೇವನಕೋಟೆಯ ಕಾಡುಗಳ ನಡುವೆ ಹರಿದು, ನಂಜನಗೂಡನ್ನು ದಾಟಿ, ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಬೆಟ್ಟದ ಮರ ಉರುಳಿದರೆ ಬಯಲಿನ ನೀರಿಗೂ ಕುತ್ತು. ಬೀಟೆಯಂತೂ ನಿಧಾನವಾಗಿ ಬಲಿಯುವ ಮರ. 2017ರ ಜನವರಿಯಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿದೆ.

ಹಳೆಯ ನೋಟಕ್ಕೆ ಬೆಲೆಬಾಳುವ ಮರ ಅನಿವಾರ್ಯವಲ್ಲ. ಬೇವು, ಮಾವು, ಸಿಲ್ವರ್ ಓಕ್‌ನ ಸಾದಾ ಮಂಚವೂ ಸಾಕು. ಉಪ್ಪುಕಾಗದದಿಂದ ನಯವಾಗಿ ಉಜ್ಜಿ, ಗಟ್ಟಿ ಚಹಾ ಡಿಕಾಕ್ಷನ್ ಬಳಿದು ಒಣಗಿಸಬೇಕು. ತುಕ್ಕು ಹಿಡಿದ ಮೊಳೆಗಳನ್ನು ಕೆಲವು ದಿನ ವಿನೆಗರ್‌ನಲ್ಲಿ ನೆನೆಸಿ, ಆ ದ್ರಾವಣವನ್ನು ಸೋಸಿ ಮೇಲೆ ಹಚ್ಚಿದರೆ ಮರ ಬೂದುಗಪ್ಪಾಗುತ್ತದೆ. ಚಹಾದ ಒಗರು ಅಂಶ ಕಬ್ಬಿಣದೊಡನೆ ಬೆರೆತು ಕಪ್ಪಾಗುವುದೇ ಇದರ ಗುಟ್ಟು. ಮೊದಲು ಮರೆಯಲ್ಲಿರುವ ಭಾಗದಲ್ಲಿ ಪರೀಕ್ಷಿಸುವುದು ಕ್ಷೇಮ.

ಬಣ್ಣವೇ ಬೇಕೆಂದರೆ ಮೊದಲು ಗಾಢ ಬಣ್ಣ ಬಳಿದು ಒಣಗಿಸಿ, ಅಂಚುಗಳಿಗೆ ಮೇಣದಬತ್ತಿ ಉಜ್ಜಬೇಕು. ಮೇಲೆ ತಿಳಿ ಬಣ್ಣ ಬಳಿದು, ಒಣಗಿದ ಬಳಿಕ ಮೇಣವಿರುವೆಡೆ ಮೆಲ್ಲನೆ ಉಜ್ಜಿದರೆ ಒಳಬಣ್ಣ ಇಣುಕುತ್ತದೆ. ಕೈಕಾಲು ತಾಗುವ ಅಂಚು, ಹಿಡಿಕೆಯ ಸುತ್ತಲೂ ಮಾತ್ರ ಸವೆಸಿದರೆ ಸಹಜವಾಗಿ ಕಾಣುತ್ತದೆ. ಚಹಾ ಬಳಿದ ಮರಕ್ಕೆ ಕೊನೆಯ ಲೇಪನವಾಗಿ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಶ್ ಒಪ್ಪುತ್ತದೆ. ಈ ಅರಗು ಮೈಸೂರಿಗೆ ಅಪರಿಚಿತವಲ್ಲ: ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ 1937ರಲ್ಲಿ ಆರಂಭವಾದಾಗ ಅದರ ಹೆಸರಿನಲ್ಲಿಯೇ ಅರಗು ಇತ್ತು.

ಹಳೆಯ ಬಣ್ಣವಿರುವ ಮಂಚದ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಹಿಂದಿನ ಎನಾಮಲ್ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆಯಿದೆ. ಗೃಹಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಮುಂಚಿನ ಬಣ್ಣವನ್ನು ಒಣಗಿದಂತೆಯೇ ಉಜ್ಜಿದರೆ ಏಳುವ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ, ಗರ್ಭಿಣಿಯರಿಗೆ ಅಪಾಯಕಾರಿ. ಅಂಥ ಬಣ್ಣವನ್ನು ಕೆರೆಯದೆ ಬಿಡುವುದೇ ಲೇಸು. ಉದುರಿದ ಚಕ್ಕೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಚೀಲದಲ್ಲಿ ಕಟ್ಟಿಡಬೇಕು. ಅವು ಗದ್ದೆಗೂ ಕಪಿಲೆಗೂ ಸೇರಬಾರದು.

ಮನೆಯಲ್ಲಿ ನಿಜವಾದ ಹಳೆಯ ಮಂಚವಿರುವಾಗ ಅದನ್ನು ಮಾರಿ ಹಳೆಯ ನೋಟದ ಹೊಸದನ್ನು ಕೊಳ್ಳುವುದು ವಿವೇಕವಲ್ಲ. ಸಡಿಲವಾದ ಕೀಲು ಬಿಗಿಸಿ, ಗೆದ್ದಲು ತಾಗದಂತೆ ಜೋಪಾನ ಮಾಡಿದರೆ ಅದು ಇನ್ನೊಂದು ತಲೆಮಾರಿಗೆ ಬಾಳುತ್ತದೆ. ಅಷ್ಟರಮಟ್ಟಿಗೆ ಬೆಟ್ಟದ ಮೇಲೆ ಒಂದು ಮರ ನಿಂತಿರುತ್ತದೆ.