ಪಂಚಾಂಗಕ್ಕೆ ರಜೆ ಹಾಕಿ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ಬೋನಸ್ಸು, ವಾರದ ರಜೆ ಎಂದು ಮಾತನಾಡುವ ನಾವು ಇಂದು ಕಲ್ಲು-ಗಾರೆಯ ಮಾತೆತ್ತಿದ್ದು ಕೆಲವರಿಗೆ ಸೋಜಿಗವಾಗಬಹುದು. ಕಾರಣವಿದೆ. ಊರಲ್ಲಿ ಮನೆ ಕಟ್ಟುತ್ತೇವೆಂದು ಸಾಲ ಕೇಳಿ ಬಂದವರೇ ಎರಡು ಮಳೆಗಾಲ ಕಳೆಯುವುದರೊಳಗೆ ಬಿರುಕು ಮುಚ್ಚಲು ಮತ್ತೆ ಸಾಲಕ್ಕೆ ಬರುವುದನ್ನು ನಾವು ಕಂಡಿದ್ದೇವೆ. ಹತ್ತು ವರ್ಷ ಕಪ್ಪು-ಬಸಿ ತೊಳೆದು ಕೂಡಿಸಿದ ಹಣ ಮಣ್ಣಿನೊಳಗೆ ಹೋಗಿ, ಮೇಲೆ ಬಿರುಕು ಮಾತ್ರ ಉಳಿದರೆ ಅದು ಕಾರ್ಮಿಕರ ಪ್ರಶ್ನೆಯಲ್ಲವೆ?

ನಮ್ಮ ಮನೆಯಲ್ಲೂ ಆದದ್ದು ಇದೇ. ಗದ್ದೆಯ ಅಂಚಿಗೆ ಮಣ್ಣು ತುಂಬಿಸಿ ಅಪ್ಪಯ್ಯ ಜಾಗ ಮಾಡಿದ್ದರು. ಮೂರಡಿ ಆಳ ತೋಡಿ ಕಟ್ಟಿದ್ದೇನೆಂದು ಗುತ್ತಿಗೆದಾರ ಹೇಳಿದ. ನಾವಿಲ್ಲಿ ಗಲ್ಲಾದ ಪಕ್ಕ ಬಿಲ್ಲು ಕೂಗುತ್ತಿದ್ದೆವು, ನೋಡಿದವರಾರು? ಒಕ್ಕಲಿಗೆ ಮಾತ್ರ ಹೋಗಿ ಪಾಯಸ ಉಂಡು ಬಂದೆವು. ಮರುವರ್ಷದ ಆಟಿ ತಿಂಗಳಲ್ಲಿ ಕಿಟಕಿಯ ಮೂಲೆಯಿಂದ ನೆಲದವರೆಗೆ ಬೆರಳು ತೂರುವಷ್ಟು ಬಿರುಕು. ಅಗೆದು ನೋಡಿದರೆ ಆತ ಸುಳ್ಳು ಹೇಳಿರಲಿಲ್ಲ. ಮೂರಡಿ ತೋಡಿದ್ದು ನಿಜ, ಆದರೆ ಆ ಮೂರಡಿಯೂ ಅಪ್ಪಯ್ಯ ತುಂಬಿಸಿದ ಮಣ್ಣೇ! ಗಟ್ಟಿ ನೆಲ ಇನ್ನೂ ಎರಡಡಿ ಕೆಳಗಿತ್ತು. ಕಲ್ಲಿನ ಹೊರಮೈಗೆ ಗಾರೆ, ಒಳಗೆ ಒಣ ಚಕ್ಕೆ. ಪಲ್ಯವಿಲ್ಲದ ಮಸಾಲೆದೋಸೆಯ ಹಾಗೆ.

ಕರಾವಳಿಯವರಾದ ನಾವು ಇದಕ್ಕೆ ಪಂಚಾಂಗ ಎನ್ನುತ್ತೇವೆ. ಬಡಗಣ ಸೀಮೆಯ ಬಂಧುಗಳು ಪಾಯ, ಬುನಾದಿ ಎನ್ನುತ್ತಾರೆ. ಭಟ್ಟರ ಪಂಚಾಂಗ ನೋಡಿ ಮುಹೂರ್ತ ಇಡುವ ನಾವು ಈ ಪಂಚಾಂಗವನ್ನು ನೋಡುವುದೇ ಇಲ್ಲ.

ಮೊದಲ ಮಾತು: ಆಳವನ್ನು ಹೇಳುವುದು ಟೇಪಲ್ಲ, ಮಣ್ಣು. ತುಂಬಿದ ಮಣ್ಣು, ಬೇರು, ಕಸ ಇರುವ ಮೇಲ್ಮಣ್ಣು ದಾಟಿ, ಹಾರೆ ಹೊಡೆದರೆ ಕೈಗೆ ಪೆಟ್ಟು ಮರಳುವ ನೆಲ ಸಿಗಬೇಕು. ಅದು ಎರಡೂವರೆ ಅಡಿಗೇ ಸಿಕ್ಕರೆ ಸಣ್ಣ ಮನೆಗೆ ಸಾಕು. ಐದಡಿಗೆ ಸಿಕ್ಕರೆ ಐದಡಿ ಇಳಿಯಲೇಬೇಕು.

ಎರಡನೆಯದು ಅಗಲ. ಇಲ್ಲಿ ನಮ್ಮವರು ಹೆದರಿಕೆಯಿಂದ ಹಣ ಹೂಳುತ್ತಾರೆ. ಒಂದೇ ಅಂತಸ್ತಿನ ಮನೆಯ ಗೋಡೆ, ಛಾವಣಿ, ಕಲ್ಲು ಎಲ್ಲ ಸೇರಿ ಒಂದಡಿ ಉದ್ದಕ್ಕೆ ಸುಮಾರು ಒಂದು ಟನ್ ಭಾರ ಇಳಿಸುತ್ತದೆ. ಗಟ್ಟಿ ನೆಲದಲ್ಲಿ ಅದಕ್ಕೆ ಎರಡಡಿ ಅಗಲದ ತಳ ಧಾರಾಳ. ೨೦ ಅಡಿಗೆ ೨೫ ಅಡಿ ಮನೆ, ನಡುವೆ ಒಂದು ಅಡ್ಡಗೋಡೆ ಎಂದರೆ ಒಟ್ಟು ೧೧೦ ಅಡಿ ಓಟ. ಅರ್ಧ ಅಡಿ ಜಲ್ಲಿ ಕಾಂಕ್ರೀಟಿನ ಹಾಸು. ಅದರ ಮೇಲೆ ಎರಡಡಿ ಅಗಲ, ಒಂದಡಿ ಎತ್ತರದ ವರಸೆ. ಆಮೇಲೆ ಒಂದೂವರೆ ಅಡಿ ಅಗಲದಲ್ಲಿ ಎರಡೂವರೆ ಅಡಿ ಎತ್ತರ, ಅಂದರೆ ಒಂದಡಿ ನೆಲದೊಳಗೆ, ಒಂದೂವರೆ ಅಡಿ ನೆಲದ ಮೇಲೆ. ಲೆಕ್ಕ ಹಾಕಿ: ೬೩೦ ಘನ ಅಡಿ ಚಿಲ್ಲರೆ, ನೂರು ಘನ ಅಡಿಗೆ ಒಂದು ಬ್ರಾಸಿನಂತೆ ಆರು ಬ್ರಾಸಿಗಿಂತ ತುಸು ಹೆಚ್ಚು. ಇದನ್ನೇ ಕೆಳಗೆ ಮೂರಡಿ, ಮೇಲೆ ಎರಡೂವರೆ ಅಡಿ ಅಗಲ ಮಾಡಿದರೆ ಹತ್ತು ಬ್ರಾಸು ದಾಟುತ್ತದೆ. ಒಂದು ಬ್ರಾಸು ಕಟ್ಟಲು ಒಂದಕ್ಕೆ ಆರರ ಗಾರೆಯಲ್ಲಿ ನಾಲ್ಕೈದು ಚೀಲ ಸಿಮೆಂಟು ಬೇಕು. ನಾಲ್ಕು ಬ್ರಾಸು ಕಲ್ಲು, ಹದಿನಾರಕ್ಕೆ ಕಡಿಮೆಯಿಲ್ಲದಷ್ಟು ಸಿಮೆಂಟು ಚೀಲ, ಅದರ ಕೂಲಿ ಎಲ್ಲವೂ ವ್ಯರ್ಥ. ನಮಗೆ ಏಳನೆಯ ತರಗತಿಯ ಓದು. ಈ ಗುಣಾಕಾರಕ್ಕೆ ಅಷ್ಟು ಸಾಕಾಯಿತು.

ಉಳಿತಾಯ ಮಾಡಬಾರದ ಕಡೆಯೊಂದಿದೆ, ಅದು ಕಲ್ಲಿನ ಜೋಡಣೆ. ಕಾಡುಗಲ್ಲೇ ಸಾಕು, ಕೆತ್ತಿದ ಕಲ್ಲು ಬೇಡ. ಆದರೆ ಕಲ್ಲನ್ನು ಅಗಲ ಮೈ ಕೆಳಗಾಗಿ ಮಲಗಿಸಬೇಕು, ನಿಲ್ಲಿಸಬಾರದು. ದೊಡ್ಡ ಕಲ್ಲು ಮೂಲೆಗೆ. ಸಂದಿಯ ಮೇಲೆ ಸಂದಿ ಬರಬಾರದು. ನಡುವಿನ ಟೊಳ್ಳಿಗೆ ಮೊದಲು ಗಾರೆ, ಆಮೇಲೆ ಸುತ್ತಿಗೆಯಿಂದ ಚಕ್ಕೆ ತುರುಕಬೇಕು; ಬರೀ ಗಾರೆ ಸುರಿದರೆ ದುಬಾರಿ, ಬರೀ ಚಕ್ಕೆ ಹಾಕಿದರೆ ಮೋಸ. ಎಲ್ಲಕ್ಕಿಂತ ಮುಖ್ಯವಾಗಿ, ಈ ಮೈಯಿಂದ ಆ ಮೈವರೆಗೆ ಹಾಯುವ ಉದ್ದಗಲ್ಲು ಎತ್ತರದಲ್ಲಿ ಎರಡಡಿಗೊಮ್ಮೆ, ಉದ್ದದಲ್ಲಿ ನಾಲ್ಕಡಿಗೊಮ್ಮೆ ಬರಲೇಬೇಕು. ನೆಲದ ಮೇಲೂ ಕಲ್ಲಿನ ಗೋಡೆಯನ್ನೇ ಎಬ್ಬಿಸುವವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯ. ೧೯೯೩ರ ಸೆಪ್ಟೆಂಬರ್ ೩೦ರ ಬೆಳಗಿನ ಜಾವ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸತ್ತ ಸಾವಿರಾರು ಜನ ತಮ್ಮ ಮನೆಯ ಕಲ್ಲಿನಡಿಯಲ್ಲೇ ಸತ್ತರು. ಗೋಡೆಗಳೇನೂ ತೆಳ್ಳಗಿರಲಿಲ್ಲ, ಬಹಳ ದಪ್ಪವಿದ್ದವು. ಒಳಮೈ ಹೊರಮೈಗಳನ್ನು ಬೆಸೆಯುವ ಉದ್ದಗಲ್ಲಿರಲಿಲ್ಲ, ಮಣ್ಣಿನ ಗಾರೆಯಿತ್ತು, ಮೇಲೆ ಮಣ್ಣಿನ ಮಾಳಿಗೆಯ ಹೊರೆಯಿತ್ತು. ಎರಡು ಮೈಗಳು ಬೇರೆಬೇರೆಯಾಗಿ ಉದುರಿದವು. ಕಿಲ್ಲಾರಿ ನಮ್ಮ ಬೀದರ, ಕಲಬುರಗಿಗಳಿಗೆ ದೂರವಲ್ಲ.

ಆ ಸೀಮೆಯ ಗಿರಣಿ ಬಂಧುಗಳಿಗೆ ಇನ್ನೊಂದು ಮಾತು. ೧೯೮೨ರ ಮುಷ್ಕರದ ತರುವಾಯ ಕೆಲಸ ಕಳಕೊಂಡು ಊರು ಸೇರಿದ ಹಿರಿಯರ ಮಕ್ಕಳು ಇಲ್ಲಿ ಕುಳಿತಿದ್ದೀರಿ. ನಿಮ್ಮದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಗೆಗೆ ಕೈ ಇಳಿಯುವಷ್ಟು ಬಿರಿಯುತ್ತದೆ. ಅದರ ಮೇಲೆ ಕೂತ ಪಾಯ ಒಂದು ಕಡೆ ಏಳುತ್ತದೆ, ಇನ್ನೊಂದು ಕಡೆ ಕೂರುತ್ತದೆ. ಎರೆ ಮೂರು ನಾಲ್ಕಡಿಯಷ್ಟೇ ಇದ್ದರೆ ಪೂರ್ತಿ ತೆಗೆದು ಗರಸಿನ ಮೇಲೆ ಕಟ್ಟಿರಿ. ಬಹಳ ಆಳವಿದ್ದರೆ ಕಲ್ಲು ತುಂಬುತ್ತ ಹೋಗಬೇಡಿರಿ, ಗೌಂಡಿಯ ಮಾತೊಂದನ್ನೇ ನೆಚ್ಚಬೇಡಿರಿ; ಇಂಜಿನಿಯರನ್ನು ಕೇಳಿರಿ. ಹತ್ತು-ಹನ್ನೆರಡು ಅಡಿ ಕೊರೆದು ಬುಡವನ್ನು ಗಡ್ಡೆಯಂತೆ ಅಗಲಿಸಿ ಕಾಂಕ್ರೀಟು ತುಂಬುವ ಕಂಬದ ಪದ್ಧತಿಯೊಂದಿದೆ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಅದನ್ನು ಬೆಳೆಸಿತು. ಯಾವ ಪದ್ಧತಿಯಾದರೂ ಮನೆಯ ಸುತ್ತ ಮೂರಡಿ ಹಾಸು ಹಾಕಿ ನೀರು ಹೊರಗೆ ಹರಿಯುವಂತೆ ಮಾಡಿರಿ.

ನಮ್ಮ ಕರಾವಳಿಯಲ್ಲಿ ನೆಲದೊಳಗೆ ಶಿಲೆಕಲ್ಲು, ಮೇಲೆ ಕೆಂಪುಕಲ್ಲು ಒಳ್ಳೆಯದು. ಕೆಂಪುಕಲ್ಲು ಗಾಳಿಬಿಸಿಲಿಗೆ ಗಟ್ಟಿಯಾಗುವ ಜಾತಿ; ಹಸಿಯಾಗಿಯೇ ತಂದು ನೀರು ನಿಲ್ಲುವಲ್ಲಿ ಹೂಳಬಾರದು.

ಈಗ ರಜೆಯ ವಿಷಯ. ವರ್ಷಕ್ಕೆ ಸಿಗುವ ಹದಿನೈದು ಇಪ್ಪತ್ತು ದಿನವನ್ನು ನಾವು ಒಕ್ಕಲಿಗೆಂದು ಕಾದಿಡುತ್ತೇವೆ. ಅಂದು ನೋಡಲು ಸಿಗುವುದು ಬಣ್ಣ ಮಾತ್ರ. ಅಗಳು ತೋಡಿ ಮುಗಿಯುವ ದಿನ ಊರಲ್ಲಿರಿ. ಒಳಗಿಳಿದು ನೀವೇ ಹಾರೆ ಹಾಕಿ ನೋಡಿ, ಆಮೇಲೆ ಕಲ್ಲು ಇಳಿಸಲಿ. ಕಟ್ಟಿದ ಮೇಲೆ ಏಳು ದಿನವಾದರೂ ನೀರುಣಿಸಬೇಕು. ಆ ಕೊಡ ಹೊರುವುದಕ್ಕೆ ಮೇಸ್ತ್ರಿ ಬೇಡ, ಹೋಟೇಲಿನ ಮಾಣಿಗೆ ಅದೇನು ಹೊಸತಲ್ಲ. ರಜೆ ಸಿಗದೇ ಹೋದರೆ ಊರಲ್ಲಿರುವ ತಮ್ಮನಿಗೋ ಭಾವನಿಗೋ ಹೇಳಿ, ಪ್ರತಿ ವರಸೆ ಮುಚ್ಚುವ ಮುನ್ನ ಮೊಬೈಲಿನಲ್ಲಿ ತೋರಿಸಲು ಹೇಳಿ. ಉದ್ದಗಲ್ಲು ಎಣಿಸಿ. ಕೊನೆಯ ಕಂತಿನ ಹಣ ಎಣಿಕೆಯಾದ ಮೇಲೆ ಕೊಡಿ.

ನಮ್ಮ ಮನೆಯ ಆ ಮೂಲೆಯನ್ನು ಬಿಚ್ಚಿಸಿ ಗಟ್ಟಿ ನೆಲದಿಂದ ಮತ್ತೆ ಕಟ್ಟಿಸಿದೆವು. ಆ ಸಾಲ ಇನ್ನೂ ತೀರಿಲ್ಲ. ಸಂಜೆಯ ಪಾಳಿಯವರು ಹೊರಡಬೇಕಾದ್ದರಿಂದ ಇಲ್ಲಿಗೆ ನಿಲ್ಲಿಸುತ್ತೇವೆ. ಈ ವರ್ಷ ಮನೆಗೆ ಕೈ ಹಾಕುವವರು ಜಾಗದ ಅಳತೆ, ಮಣ್ಣಿನ ಬಗೆ ಬರೆದುಕೊಂಡು ಮುಂದಿನ ಸಭೆಗೆ ಬನ್ನಿರಿ, ಕೂತು ಲೆಕ್ಕ ಹಾಕೋಣ.