ಕಾಯಿಲೆಯನ್ನು ಮುಚ್ಚಿಡದ ಆಟಗಾರ



ನಮ್ಮ ಹರದನಹಳ್ಳಿಯ ಮಕ್ಕಳಿಗೆ ಕಬಡ್ಡಿ ಗೊತ್ತು, ಕ್ರಿಕೆಟ್ ಗೊತ್ತು. ರಗ್ಬಿ ಅಷ್ಟಾಗಿ ಗೊತ್ತಿಲ್ಲ. ಮೊಟ್ಟೆಯಾಕಾರದ ಚೆಂಡನ್ನು ಅಪ್ಪಿಕೊಂಡು, ಎದುರಾಳಿಗಳನ್ನು ತಳ್ಳಿಕೊಂಡು ಓಡುವ ಬಲಶಾಲಿಗಳ ಆಟ ಅದು. ಆ ಆಟದಲ್ಲಿ ಸ್ಕಾಟ್ಲೆಂಡಿನ ಪರವಾಗಿ 61 ಪಂದ್ಯಗಳನ್ನು ಆಡಿದ ಡಾಡಿ ವಿಯರ್ ಅವರ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ.

ಆರೂವರೆ ಅಡಿ ಎತ್ತರದ ಈ ಆಟಗಾರನಿಗೆ 2016ರ ಕೊನೆಯಲ್ಲಿ ಮೋಟಾರ್ ನ್ಯೂರಾನ್ ಕಾಯಿಲೆ ಇರುವುದು ಪತ್ತೆಯಾಯಿತು. ಆಗ ಅವರ ವಯಸ್ಸು 46. ಮೆದುಳಿನ ಅಪ್ಪಣೆಯನ್ನು ಸ್ನಾಯುಗಳಿಗೆ ಮುಟ್ಟಿಸುವ ನರಕೋಶಗಳು ಈ ಕಾಯಿಲೆಯಲ್ಲಿ ಸಾಯುತ್ತಾ ಹೋಗುತ್ತವೆ. ತಂತಿ ತುಂಡಾದರೆ ಪಂಪ್‌ಸೆಟ್ ಚೆನ್ನಾಗಿದ್ದರೂ ನೀರೆತ್ತುವುದಿಲ್ಲವಲ್ಲ, ಹಾಗೆ. ಕೈಯ ಹಿಡಿತ ತಪ್ಪುತ್ತದೆ, ಕಾಲು ಎಡವುತ್ತದೆ, ಮಾತು ತೊದಲುತ್ತದೆ; ಕೊನೆಗೆ ನುಂಗುವುದೂ ಉಸಿರಾಡುವುದೂ ಕಷ್ಟ. ಆದರೆ ಹೆಚ್ಚಿನವರಲ್ಲಿ ಬುದ್ಧಿ, ನೆನಪು ಚೆನ್ನಾಗಿಯೇ ಇರುತ್ತವೆ. ಇದು ಅಂಟುರೋಗವಲ್ಲ. ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಇಲ್ಲ. ರಿಲುಝೋಲ್ ಮಾತ್ರೆ ರೋಗದ ಓಟವನ್ನು ಸ್ವಲ್ಪ ನಿಧಾನಿಸುತ್ತದೆ, ಅಷ್ಟೆ.

ವಿಯರ್ ಬಾಗಿಲು ಹಾಕಿಕೊಂಡು ಕೂರಲಿಲ್ಲ. 2017ರ ಜೂನ್‌ನಲ್ಲಿ ತಮ್ಮ ಕಾಯಿಲೆಯನ್ನು ಎಲ್ಲರ ಮುಂದೆ ಹೇಳಿಕೊಂಡರು. ಅದೇ ವರ್ಷ ಸಂಶೋಧನೆಗೂ ರೋಗಿಗಳ ನೆರವಿಗೂ ಒಂದು ಪ್ರತಿಷ್ಠಾನ ಕಟ್ಟಿದರು. 2022ರ ನವೆಂಬರ್ 26ರಂದು ತೀರಿಕೊಂಡರು, ಪ್ರತಿಷ್ಠಾನ ಉಳಿದಿದೆ.

ದೂರದ ದೇಶದ ಕಾಯಿಲೆ ಎನ್ನಬೇಡಿ. ಇದರ ಒಂದು ಬಗೆಯನ್ನು ವೈದ್ಯರು 1970ರಲ್ಲಿ ಮದರಾಸಿನಿಂದ ವರದಿ ಮಾಡಿದರು. ಅದಕ್ಕೆ ಆ ಊರಿನ ಹೆಸರೇ ಇದೆ. ದಕ್ಷಿಣ ಭಾರತದ ಎಳೆಯರಲ್ಲೇ ಅದು ಹೆಚ್ಚು. ಕೈಕಾಲು ಸೊರಗುವುದರ ಜೊತೆಗೆ ಕಿವಿಯೂ ಮಂದವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಅಧ್ಯಯನ ನಡೆದಿದೆ.

ನಾವೇನು ಮಾಡುತ್ತೇವೆ? ನಾಲಗೆ ತೊದಲಿದವನನ್ನು ಕುಡುಕ ಎನ್ನುತ್ತೇವೆ, ಕೈ ಸೋತವನನ್ನು ಸೋಮಾರಿ ಎನ್ನುತ್ತೇವೆ. ದೃಷ್ಟಿ, ಮಾಟ ಎಂದು ತಾಯತ ಕಟ್ಟಿಸುವುದರಲ್ಲೇ ತಿಂಗಳುಗಳು ಕಳೆಯುತ್ತವೆ. ದುಆ ಖಂಡಿತ ಮಾಡೋಣ. ಅದರ ಜೊತೆಗೇ ಚಾಮರಾಜನಗರದ ಆಸ್ಪತ್ರೆಗೆ ಕರೆದೊಯ್ದು, ನರರೋಗ ತಜ್ಞರಿಗೆ ಚೀಟಿ ಬರೆಸಿಕೊಳ್ಳೋಣ. ಕೈ ಸೋತ ಮಾತ್ರಕ್ಕೆ ಇದೇ ಕಾಯಿಲೆ ಎಂದು ಹೆದರಬೇಕಿಲ್ಲ. ಗುಣವಾಗುವ ಬೇರೆ ಕಾರಣಗಳೂ ಇರುತ್ತವೆ. ಅದನ್ನು ತಿಳಿಯಲೆಂದೇ ಬೇಗ ಹೋಗಬೇಕು.

ವಿದ್ಯಾರ್ಥಿಗಳೇ, ಇಂಥವರ ಮನೆಗೆ ಹೋದರೆ "ಅವರಿಗೆ ಹೇಗಿದೆ?" ಎಂದು ಪಕ್ಕದವರನ್ನು ಕೇಳಬೇಡಿ. ಅವರನ್ನೇ ಕೇಳಿ. ಉತ್ತರ ತಡವಾದರೆ ಕಾಯಿರಿ. ನಾಲಗೆ ಸೋತಿರಬಹುದು, ಹೇಳಬೇಕಾದ ಮಾತು ಒಳಗೆ ಪೂರ್ತಿ ಇರುತ್ತದೆ.