ಹಿರೇಹಡಗಲಿಯ ಹೊಲದಿಂದ ಹಾರಿದ ಬಾಟಲಿ

ದೀಪಾವಳಿ ಮುಗಿದ ಮರುದಿನ ಬೆಳಿಗ್ಗೆ ಹಿರೇಹಡಗಲಿಯ ನಮ್ಮ ಓಣಿಯಲ್ಲಿ ನಮ್ಮಕ್ಕನ ಮಗಳು ಸುಟ್ಟ ಪಟಾಕಿ ಕಾಗದದ ನಡುವೆ ಏನನ್ನೋ ಆರಿಸುತ್ತಿದ್ದಳು. ಐದನೇ ಕ್ಲಾಸಿನ ಹುಡುಗಿ. ಕೈತುಂಬ ಕಡ್ಡಿ ಹಿಡಿದು ಬಂದಳು. ಹಿಂದಿನ ರಾತ್ರಿ ಮೇಲೆ ಹೋಗಿ ಬಿದ್ದ ರಾಕೆಟ್ಟುಗಳ ಬಾಲ.

"ಮಾಮಾ, ಮ್ಯಾಲ ಒಯ್ಯೋದು ಮದ್ದು. ಮತ್ತ ಈ ಕಡ್ಡಿ ಯಾಕ ಕಟ್ಟಿರ್ತಾರ? ಸುಮ್ನ ಭಾರ ಅಲ್ಲೇನು?"

ಎಂಥ ಒಳ್ಳೆಯ ಪ್ರಶ್ನೆ! ಬಾಯಿಮಾತಿನ ಉತ್ತರ ಇದಕ್ಕೆ ಸಾಲದು ಅನ್ನಿಸಿತು. ಹಾರಿಸಿಯೇ ನೋಡೋಣ ಎಂದೆ. ಅವಳ ಗೆಳೆಯರಿಬ್ಬರೂ ಸೇರಿಕೊಂಡರು.

ಅಮೆರಿಕದಲ್ಲಿ 1950ರ ದಶಕದ ಕೊನೆಯಿಂದ ಮಕ್ಕಳಿಗಾಗಿ ಮಾದರಿ ರಾಕೆಟ್ ಕಿಟ್ಟುಗಳು ಸಿಗುತ್ತಿವೆ. ಡಬ್ಬಿಯಲ್ಲಿ ಕಾಗದದ ಕೊಳವೆ, ಚೂಪು ಮೂತಿ, ಬಾಲ್ಸಾ ಎಂಬ ಹಗುರ ಮರದ ರೆಕ್ಕೆಗಳು, ಪುಟ್ಟ ಪ್ಯಾರಾಚೂಟು ಇರುತ್ತವೆ. ಮದ್ದು ತುಂಬಿದ ಎಂಜಿನ್ ಕಾರ್ಖಾನೆಯಲ್ಲೇ ತಯಾರಾಗಿ ಬರುತ್ತದೆ. ನಮಗೆ ಬೆಂಕಿಯ ಸಹವಾಸ ಬೇಡ. ಪಟಾಕಿ ಬಿಚ್ಚಿ ಮದ್ದನ್ನು ಕೊಳವೆಗೆ ತುಂಬುವ ಆಟವಂತೂ ಬೇಡವೇ ಬೇಡ ಮಕ್ಕಳೇ, ಕಣ್ಣು ಹೋಗುತ್ತದೆ, ಬೆರಳು ಹೋಗುತ್ತದೆ. ಅದೇ ವಿಜ್ಞಾನವನ್ನು ನೀರು ಮತ್ತು ಗಾಳಿಯಿಂದಲೂ ಕಲಿಯಬಹುದು.

ಅಂಗಡಿಯಿಂದ ತಂಪು ಪಾನೀಯದ ಒಂದೂಕಾಲು ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿ ತಂದೆವು. ಬರೀ ಕುಡಿಯುವ ನೀರಿನ ತೆಳು ಬಾಟಲಿ ನಡೆಯುವುದಿಲ್ಲ. ಗಾಜಿನದನ್ನು ಮುಟ್ಟಲೇಬಾರದು. ಸೋಡಾ, ಕೋಲಾಗಳಲ್ಲಿ ಅನಿಲವನ್ನು ಒತ್ತಿ ತುಂಬಿರುತ್ತಾರೆ, ಆ ಒತ್ತಡ ತಡೆಯಲೆಂದೇ ಅವುಗಳ ಬಾಟಲಿ ಗಟ್ಟಿಯಾಗಿರುತ್ತದೆ. ಬಾಯಿಗೆ ಬಿಗಿಯಾಗಿ ಕೂರುವ ಒಂದು ರಬ್ಬರ್ ಬಿರಡೆ ಬೇಕು. ವಾಲಿಬಾಲಿಗೆ ಗಾಳಿ ತುಂಬುವ ಸೂಜಿಯನ್ನು ಅದರ ನಡುವೆ ತೂರಿಸಿ, ತುದಿ ಆಚೆ ಇಣುಕುವಂತೆ ಮಾಡಿದೆ. ಸೂಜಿಗೆ ಮೂರು ಮಾರು ಉದ್ದದ ರಬ್ಬರ್ ಕೊಳವೆ, ಕೊಳವೆಯ ಕೊನೆಗೆ ಸೈಕಲ್ ಪಂಪು. ಹಳೇ ಫೈಲಿನ ರಟ್ಟಿನಿಂದ ಮೂರು ರೆಕ್ಕೆ ಕತ್ತರಿಸಿ ಬಾಟಲಿಯ ಬಾಯಿಯ ಕಡೆಗೆ ಟೇಪಿನಿಂದ ಅಂಟಿಸಿದೆವು. ಬಾಯಿ ಕೆಳಗೆ, ಬುಡ ಮೇಲೆ. ಬುಡದ ಮೇಲೆ ರಟ್ಟಿನದೇ ಒಂದು ಟೊಪ್ಪಿಗೆ.

ಮೆಕ್ಕೆಜೋಳ ಮುರಿದು ಖಾಲಿಯಾಗಿದ್ದ ಹೊಲಕ್ಕೆ ಹೋದೆವು. ಬಾಟಲಿಯ ಮೂರನೇ ಒಂದು ಭಾಗ ನೀರು ತುಂಬಿ, ಬಿರಡೆ ಒತ್ತಿ, ತಲೆಕೆಳಗು ಮಾಡಿ ಮೂರು ಇಟ್ಟಿಗೆಯ ನಡುವೆ ನಿಲ್ಲಿಸಿದೆ. ಮಕ್ಕಳು ಇಪ್ಪತ್ತು ಹೆಜ್ಜೆ ದೂರ, ಪಂಪು ನನ್ನ ಕೈಯಲ್ಲಿ. ಒಮ್ಮೆ ಒತ್ತಿದರೆ ಸೂಜಿಯ ತುದಿಯಿಂದ ಗುಳ್ಳೆಗಳ ಸಾಲೊಂದು ನೀರಿನೊಳಗೆ ಗುಳುಗುಳು ಏರಿ ಮೇಲಿನ ಗಾಳಿಗೆ ಸೇರುತ್ತಿತ್ತು. ಜಾಗ ಅಷ್ಟೇ, ಗಾಳಿ ಮಾತ್ರ ಹೆಚ್ಚುತ್ತಾ ಹೋಯಿತು. ಹನ್ನೆರಡನೇ ಸಲ ಒತ್ತಿದಾಗ ಬಿರಡೆ ಸೋತಿತು. ಬುಸ್ಸೆಂದು ನೀರು ನೆಲಕ್ಕೆ, ಬಾಟಲಿ ಮೇಲಕ್ಕೆ!

ಆದರೆ ತೆಂಗಿನಮರದ ಅರ್ಧದಷ್ಟೂ ಏರಲಿಲ್ಲ. ಪಲ್ಟಿ ಹೊಡೆಯುತ್ತಾ ಪಕ್ಕದ ಹೊಲದ ಬದುವಿಗೆ ಬಿತ್ತು.

"ನೀರು ನೆಲಕ್ಕ ಬಡದು ಬಾಟ್ಲಿನ ಮ್ಯಾಲ ದಬ್ಬತೈತಿ, ಅಲ್ಲೇನ್ರೀ?" ಎಂದ ಹುಡುಗರಲ್ಲೊಬ್ಬ. ತುಂಬ ಜನ ಹೀಗೇ ತಿಳಿದಿರುತ್ತಾರೆ. ದೊಡ್ಡ ಪತ್ರಿಕೆಯೇ ಒಮ್ಮೆ ಇಂಥದ್ದೇ ತಪ್ಪು ಮಾಡಿತ್ತು. 1920ರಲ್ಲಿ ನ್ಯೂಯಾರ್ಕ್ ಟೈಮ್ಸ್, ಗಾಳಿಯಿಲ್ಲದ ಬಯಲಲ್ಲಿ ಒತ್ತಿ ನೂಕಲು ಏನೂ ಇಲ್ಲವಾದ್ದರಿಂದ ರಾಕೆಟ್ ಅಲ್ಲಿ ಸಾಗದು ಎಂಬ ಅರ್ಥದಲ್ಲಿ ಬರೆದು, ರಾಬರ್ಟ್ ಗೊಡಾರ್ಡ್ ಎಂಬ ವಿಜ್ಞಾನಿಯನ್ನು ಗೇಲಿ ಮಾಡಿತು. 1969ರ ಜುಲೈನಲ್ಲಿ ಅಪೊಲೊ-11 ಚಂದ್ರನತ್ತ ಹೋಗುತ್ತಿದ್ದಾಗ ಅದೇ ಪತ್ರಿಕೆ ತಪ್ಪು ಒಪ್ಪಿಕೊಂಡಿತು. ಗೊಡಾರ್ಡ್ ತೀರಿಹೋಗಿ ಆಗಲೇ ಸುಮಾರು 24 ವರ್ಷವಾಗಿತ್ತು.

ಹಾಗಾದರೆ ನೂಕುವುದು ಯಾವುದು? ತುಂಗಭದ್ರೆಯಲ್ಲಿ ಹರಿಗೋಲಿನಿಂದ ದಡಕ್ಕೆ ಜಿಗಿದಿದ್ದೀರಾ? ನೀವು ಮುಂದಕ್ಕೆ ಹಾರಿದರೆ ಹರಿಗೋಲು ಹಿಂದಕ್ಕೆ ಜಾರುತ್ತದೆ. ದಡವನ್ನು ನೀವಿನ್ನೂ ಮುಟ್ಟಿಯೇ ಇಲ್ಲ, ಆಗಲೇ ಅದು ಸರಿದಿರುತ್ತದೆ. ಹೊಲದಲ್ಲಿ ಮೋಟರ್ ಚಾಲೂ ಮಾಡಿದ ಕೂಡಲೇ ಬಿಟ್ಟ ಪೈಪು ಹಾವಿನಂತೆ ಹೊಯ್ದಾಡುವುದನ್ನು ನಮ್ಮೂರಿನ ಮಕ್ಕಳೆಲ್ಲ ಕಂಡಿದ್ದಾರೆ. ನೀರು ಒಂದು ಕಡೆ ರಭಸದಿಂದ ಹೊರಟರೆ ಪೈಪು ಅದಕ್ಕೆ ಎದುರು ಕಡೆ ಹೋಗುತ್ತದೆ. ಬಾಟಲಿಯೂ ಅಷ್ಟೆ. ಒಳಗೆ ಇರುಕಿಕೊಂಡ ಗಾಳಿ ನೀರನ್ನು ಕೆಳಕ್ಕೆ ಎಸೆಯುತ್ತದೆ, ಎಸೆದದ್ದಕ್ಕೆ ಪ್ರತಿಯಾಗಿ ಬಾಟಲಿ ಮೇಲಕ್ಕೆ ಹೋಗುತ್ತದೆ. ನೆಲ ಇರಲಿ ಬಿಡಲಿ, ಇದು ನಡೆದೇ ನಡೆಯುತ್ತದೆ. 1687ರಲ್ಲಿ ನ್ಯೂಟನ್ ತನ್ನ ಪುಸ್ತಕದಲ್ಲಿ ಬರೆದಿಟ್ಟ ಚಲನೆಯ ಮೂರನೇ ನಿಯಮ ಇದೇ.

ಪಲ್ಟಿ ಹೊಡೆದದ್ದು ಯಾಕೆ? ಇಲ್ಲಿ ಹುಡುಗಿಯ ಕಡ್ಡಿ ನೆನಪಿಗೆ ಬಂತು.

ಬಾಟಲಿಯ ನಡುವಿಗೆ ದಾರ ಕಟ್ಟಿ, ಅಡ್ಡಡ್ಡ ಸಮವಾಗಿ ತೂಗುವ ಜಾಗ ಹುಡುಕಿ, ತಲೆಯ ಸುತ್ತ ಗಿರಗಿರನೆ ತಿರುಗಿಸಿದೆವು. ಒಮ್ಮೆ ಮೂತಿ ಮುಂದೆ, ಒಮ್ಮೆ ಬಾಲ ಮುಂದೆ. ಅದಕ್ಕೇ ಗೊತ್ತಿಲ್ಲ ಎತ್ತ ಹೋಗಬೇಕೆಂದು! ಹುಡುಗಿ ಬದುವಿನಿಂದ ಒಂದು ಹಿಡಿ ಎರೆಮಣ್ಣು ತಂದು ನಾದಿ, ನಿಂಬೆಹಣ್ಣಿನಷ್ಟು ಉಂಡೆ ಮಾಡಿ ಟೊಪ್ಪಿಗೆಯೊಳಗೆ ಒತ್ತಿದಳು. ದಾರವನ್ನು ಹೊಸ ತೂಕಕ್ಕೆ ತಕ್ಕಂತೆ ಮೂತಿಯ ಕಡೆಗೆ ಸರಿಸಿ ತಿರುಗಿಸಿದರೆ, ಮೂತಿ ಮುಂದೆ ನುಗ್ಗಿತು, ಬಾಲ ತೆಪ್ಪಗೆ ಹಿಂಬಾಲಿಸಿತು. ಭಾರ ಮುಂದಿರಬೇಕು, ಗಾಳಿಗೆ ಅಡ್ಡ ಬರುವ ಅಗಲ ಹಿಂದಿರಬೇಕು. ಆಗ ರಾಕೆಟ್ ಸ್ವಲ್ಪ ವಾಲಿದರೂ ಗಾಳಿ ರೆಕ್ಕೆಗೆ ಬಡಿದು ಬಾಲವನ್ನು ಮತ್ತೆ ಸಾಲಿಗೆ ತರುತ್ತದೆ. ಬಾಣದ ಗರಿ ಮಾಡುವ ಕೆಲಸವೂ ಇದೇ. ಪಟಾಕಿಯ ಕಡ್ಡಿಯೂ ಇದನ್ನೇ ಮಾಡುತ್ತದೆ, ಉದ್ದ ಇದ್ದಷ್ಟೂ ಅದು ಬಾಲವನ್ನು ಚೆನ್ನಾಗಿ ಹಿಡಿದಿಡುತ್ತದೆ.

ಈ ಬಾಲದ ಕಥೆ ನಮ್ಮ ಕರ್ನಾಟಕಕ್ಕೆ ಬಹಳ ಹತ್ತಿರದ್ದು. 18ನೇ ಶತಮಾನದಲ್ಲಿ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯ ರಾಕೆಟ್ ಹಾರಿಸುತ್ತಿತ್ತು. ಮದ್ದು ತುಂಬಿದ ಕಬ್ಬಿಣದ ಕೊಳವೆ, ಅದಕ್ಕೆ ಚರ್ಮದ ಪಟ್ಟಿಯಿಂದ ಬಿಗಿದ ಉದ್ದನೆಯ ಬಿದಿರು. ಕಾಗದದ ಕೊಳವೆ ಒಡೆದುಹೋಗುವಂಥ ಒತ್ತಡವನ್ನು ಕಬ್ಬಿಣ ತಡೆಯುತ್ತಿತ್ತು, ಆದ್ದರಿಂದಲೇ ಅವು ದೂರ ಹೋಗುತ್ತಿದ್ದವು. ತೆಳು ಬಾಟಲಿ ಬಿಟ್ಟು ಸೋಡಾ ಬಾಟಲಿ ಆರಿಸಿದ ನಮ್ಮ ಲೆಕ್ಕವೇ ಅದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಈ ರಾಕೆಟ್ಟುಗಳನ್ನು ಇಂಗ್ಲೆಂಡಿಗೆ ಒಯ್ದರು, ಅಲ್ಲಿ ವಿಲಿಯಂ ಕಾಂಗ್ರೀವ್ ಅವನ್ನು ನೋಡಿ ತನ್ನವನ್ನು ರೂಪಿಸಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಳೇ ಬಿದನೂರಿನಲ್ಲಿ, ಒಂದು ಪಾಳುಬಾವಿ ಅಗೆದಾಗ ಇಂಥ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕವು. ಬಹುಪಾಲು ಒಂದು ಗೇಣಿಗಿಂತ ಸ್ವಲ್ಪವೇ ಉದ್ದ. ಒಂದನ್ನು ಅಂಗೈ ಮೇಲೆ ಇಟ್ಟುಕೊಳ್ಳಬಹುದು!

ಮಣ್ಣಿನುಂಡೆ ಕೂರಿಸಿದ ಮೇಲೆ ಬಾಟಲಿ ನೆಟ್ಟಗೆ ಹೋಯಿತು. ಮಕ್ಕಳ ಕೂಗಿಗೆ ಬದುವಿನ ಬೆಳ್ಳಕ್ಕಿಗಳು ಎದ್ದವು.

ಎತ್ತರ ಅಳೆಯಲು ಒಂದು ಸುಲಭ ಉಪಾಯವಿದೆ. ಬಾಟಲಿ ತುತ್ತತುದಿಯಲ್ಲಿ ಒಂದು ಕ್ಷಣ ನಿಂತಂತೆ ಕಾಣುತ್ತದಲ್ಲ, ಅಲ್ಲಿಂದ ನೆಲ ಮುಟ್ಟುವವರೆಗಿನ ಸೆಕೆಂಡು ಎಣಿಸಿ. ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 5ರಿಂದ ಗುಣಿಸಿ. ನಮಗೆ 2 ಸೆಕೆಂಡು ಬಂತು. ಎರಡೆರಡಲ ನಾಲ್ಕು, ನಾಲ್ಕೈದಲ ಇಪ್ಪತ್ತು ಮೀಟರ್. ಬೀಳುವಾಗ ಗಾಳಿ ತಡೆಯುವುದರಿಂದ ನಿಜವಾದ ಎತ್ತರ ಇದಕ್ಕಿಂತ ಸ್ವಲ್ಪ ಕಡಿಮೆ. ಪತ್ರಿಕೆ ಗೇಲಿ ಮಾಡಿದ ಆ ಗೊಡಾರ್ಡ್ 1926ರ ಮಾರ್ಚ್ 16ರಂದು ಪ್ರಪಂಚದ ಮೊದಲ ದ್ರವ ಇಂಧನದ ರಾಕೆಟ್ ಹಾರಿಸಿದ್ದೂ ಒಂದು ಹೊಲದಿಂದಲೇ. ಅದು ಏರಿದ್ದು ಸುಮಾರು 12 ಮೀಟರ್, ಹಾರಿದ್ದು ಎರಡೂವರೆ ಸೆಕೆಂಡು. ಇದನ್ನು ಕೇಳಿ ಮಕ್ಕಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಆಮೇಲೆ ನೀರಿನ ಅಳತೆ ಬದಲಿಸಿದೆವು. ನೀರೇ ಇಲ್ಲದೆ ಬರೀ ಗಾಳಿ ತುಂಬಿದರೆ ಟಪ್ಪೆಂದು ಸ್ವಲ್ಪ ನೆಗೆದು ಬಿತ್ತು. ಗಾಳಿ ಹಗುರ, ಎಸೆಯಲು ತೂಕದ್ದೇನೂ ಇಲ್ಲ. ಕಂಠಮಟ್ಟ ನೀರು ತುಂಬಿದರೆ ಒದ್ದೆ ಮೂಟೆಯಂತೆ ಕುಂಟಿತು. ನೀರನ್ನು ಅಮುಕಲಾಗದು, ಅಮುಕಬಹುದಾದ ಗಾಳಿಗೆ ಜಾಗವೇ ಉಳಿದಿರಲಿಲ್ಲ. ಮೂರನೇ ಒಂದು ಭಾಗದ ಸುತ್ತಮುತ್ತಲೇ ಅದು ಎಲ್ಲಕ್ಕಿಂತ ಎತ್ತರ ಹೋಯಿತು.

"ಬಾಟ್ಲಿಗಿಂತ ಎಸಿಯೋ ನೀರ ಭಾರ ಐತಲ್ಲ ಮಾಮಾ!" ಎಂದಳು ಹುಡುಗಿ. ಹೌದು. 2023ರ ಜುಲೈ 14ರಂದು ಚಂದ್ರಯಾನ-3ನ್ನು ಹೊತ್ತು ಶ್ರೀಹರಿಕೋಟಾದಿಂದ ಎದ್ದ ಎಲ್‌ವಿಎಂ-3 ರಾಕೆಟ್ಟಿನ ತೂಕ ಸುಮಾರು 640 ಟನ್. ಚಂದ್ರಯಾನದ್ದು 4 ಟನ್ನಿಗೂ ಕಡಿಮೆ. ಉಳಿದದ್ದರಲ್ಲಿ ಹೆಚ್ಚಿನದೆಲ್ಲ ಉರಿದು ಹಿಂದಕ್ಕೆ ಎಸೆಯಲೆಂದೇ ತುಂಬಿದ್ದು.

ನೀವೂ ಹಾರಿಸುವುದಾದರೆ ಮನೆಯ ದೊಡ್ಡವರೊಬ್ಬರು ಜೊತೆಗಿರಲಿ. ಗಾಳಿ ತುಂಬಿದ ಬಾಟಲಿಯ ಮೇಲೆ ಬಗ್ಗಿ ನೋಡಬೇಡಿ, ಬಿರಡೆ ಬಿಡದಿದ್ದರೂ ಹತ್ತಿರ ಹೋಗಬೇಡಿ. ಗೀರು ಬಿದ್ದ ಬಾಟಲಿಯನ್ನು ಎಸೆದು ಹೊಸದು ತನ್ನಿ. ಕರೆಂಟಿನ ತಂತಿ ಇಲ್ಲದ ಬಯಲು ಹುಡುಕಿ.

ಹೊತ್ತು ಮುಳುಗುತ್ತಿತ್ತು. ಮನೆಗೆ ಹೋಗೋಣ ಎಂದರೆ ಹುಡುಗಿ ಕದಲಲಿಲ್ಲ. ಕೊಡದಲ್ಲಿ ಉಳಿದ ನೀರನ್ನೇ ನೋಡುತ್ತಿದ್ದಳು.

"ಮಾಮಾ, ಉಪ್ಪುನೀರು ಬರೀ ನೀರಿಗಿಂತ ಭಾರ ಅಲ್ಲೇನು? ಅದನ್ನ ಹಾಕಿದ್ರ ಇನ್ನಾ ಮ್ಯಾಲ ಹೋಗ್ತೈತೋ, ಭಾರ ಆಗಿ ಕೆಳಗ ಉಳೀತೈತೋ?"

ನಾನು ಬಾಯಿ ತೆರೆಯುವ ಮೊದಲೇ ಹುಡುಗರಿಬ್ಬರೂ ಉಪ್ಪಿನ ಡಬ್ಬಿ ತರಲು ಊರ ಕಡೆ ಓಡಿದ್ದರು.